ಹುಬ್ಬಳ್ಳಿ–ಧಾರವಾಡದ ವಾಹನ ಸವಾರರಿಗೆ: ವೇಗದ ದಂಡ ಬೀಳದಂತೆ ನೋಡಿಕೊಳ್ಳುವ, ಪೊಲೀಸರು ನಿಲ್ಲಿಸಿದಾಗ ನಡೆದುಕೊಳ್ಳುವ ಸಮಗ್ರ ಮಾರ್ಗದರ್ಶಿ

ಹುಬ್ಬಳ್ಳಿಯಿಂದ ಹಾವೇರಿಗೆ ಹೆದ್ದಾರಿಯಲ್ಲಿ ಸುಮಾರು 75 ಕಿಲೋಮೀಟರ್ ದೂರ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋದರೆ 56 ನಿಮಿಷ ಹಿಡಿಯುತ್ತದೆ. 100ರಲ್ಲಿ ಹೋದರೆ 45 ನಿಮಿಷ. ಉಳಿಯುವುದು 11 ನಿಮಿಷ, ಅದೂ ದಾರಿಯುದ್ದಕ್ಕೂ ಒಂದು ಸಲವೂ ಬ್ರೇಕ್ ಮುಟ್ಟದೆ ಹೋದರೆ. ಟೋಲಿನಲ್ಲಿ ನಿಂತು, ಶಿಗ್ಗಾಂವಿಯ ಹತ್ತಿರ ಟ್ರ್ಯಾಕ್ಟರಿಗೆ ದಾರಿ ಬಿಟ್ಟು, ಎರಡು ಲಾರಿಗಳು ಅಕ್ಕಪಕ್ಕ ಹೊರಟಲ್ಲಿ ಹಿಂದೆ ಕಾದು ಮುಂದುವರಿದರೆ ಆ ಉಳಿತಾಯ ಐದಾರು ನಿಮಿಷಕ್ಕೆ ಇಳಿಯುತ್ತದೆ. ದಂಡ ತಪ್ಪಿಸಿಕೊಳ್ಳುವ ಉಪಾಯ ಕೇಳಿಕೊಂಡು ಬರುವ ಗೆಳೆಯರಿಗೆಲ್ಲ ನಾನು ಮೊದಲು ಹೇಳುವುದು ಈ ಲೆಕ್ಕವನ್ನೇ. ಕ್ಯಾಮೆರಾ ಎಲ್ಲಿದೆ ಎಂದು ತಿಳಿದುಕೊಳ್ಳುವುದಕ್ಕಿಂತ ಮನೆಯನ್ನು ಹತ್ತು ನಿಮಿಷ ಮೊದಲು ಬಿಡುವುದು ಸುಲಭ, ಮತ್ತು ಅದೊಂದೇ ಪ್ರತಿ ಸಲ ಫಲ ಕೊಡುವ ಉಪಾಯ.

ಆದರೂ ಮಿತಿಯೊಳಗೇ ಹೋಗುತ್ತಿದ್ದೇವೆ ಎಂದುಕೊಂಡವರಿಗೂ ದಂಡ ಬೀಳುತ್ತದೆ. ಅದಕ್ಕೆ ನಾನೇ ಸಾಕ್ಷಿ. ಕೆಲವು ವರ್ಷಗಳ ಹಿಂದೆ ನನ್ನ ಬೈಕಿನ ಹೆಸರಿಗೆ ಒಂದು ನೋಟಿಸ್ ಬಂತು. ತಡಸ ಕ್ರಾಸ್ ದಾಟಿದ ಮೇಲೆ ನಾಲ್ಕು ಪಥದ ಹೆದ್ದಾರಿಯಲ್ಲಿ 93ರ ವೇಗ ದಾಖಲಾಗಿತ್ತು. ನಾಲ್ಕು ಪಥದ ರಸ್ತೆಯಲ್ಲಿ 100ರವರೆಗೆ ಹೋಗಬಹುದು ಎಂಬುದು ನನ್ನ ಗಟ್ಟಿ ನಂಬಿಕೆಯಾಗಿತ್ತು. ಆ 100 ಕಾರಿಗೆ ಮಾತ್ರ, ಬೈಕಿಗೆ 80 ಎಂಬುದು ನೋಟಿಸ್ ಓದಿದ ದಿನವೇ ಗೊತ್ತಾಯಿತು. ತಪ್ಪು ನನ್ನದೇ, ದಂಡ ಕಟ್ಟಿದೆ. ಹೀಗೆ ತಿಳಿಯದೆ ಮಾಡುವ ತಪ್ಪುಗಳನ್ನು ಮೊದಲು ಕಳೆದುಕೊಳ್ಳೋಣ.

ಮೊದಲ ಹೆಜ್ಜೆ: ನಿಮ್ಮ ವಾಹನದ ಮಿತಿ ಎಷ್ಟು ಎಂದು ತಿಳಿದುಕೊಳ್ಳಿ

ಮೋಟಾರು ವಾಹನ ಕಾಯ್ದೆ, 1988ರ 112ನೆಯ ಕಲಂ ವೇಗಮಿತಿಯ ಕುರಿತಾದದ್ದು. ಅದರಡಿ ಕೇಂದ್ರ ಸರ್ಕಾರ 2018ರ ಏಪ್ರಿಲ್‌ನಲ್ಲಿ ಗರಿಷ್ಠ ವೇಗಗಳನ್ನು ಪ್ರಕಟಿಸಿತು. ಮಿತಿಯನ್ನು ನಿರ್ಧರಿಸುವುದು ಎರಡು ಸಂಗತಿ: ರಸ್ತೆ ಯಾವುದು, ವಾಹನ ಯಾವುದು. ರಸ್ತೆಯನ್ನಷ್ಟೇ ನೋಡಿ ವಾಹನವನ್ನು ಮರೆತವರು ನನ್ನಂತೆ ಸಿಕ್ಕಿಬೀಳುತ್ತಾರೆ.

ಚಾಲಕನಲ್ಲದೆ ಎಂಟು ಜನರವರೆಗೆ ಕೂರುವ ಕಾರು, ಜೀಪುಗಳಿಗೆ ನಡುವೆ ವಿಭಜಕವಿರುವ ನಾಲ್ಕು ಪಥದ ರಸ್ತೆಯಲ್ಲಿ 100, ನಗರಸಭೆ ಅಥವಾ ಪಾಲಿಕೆಯ ವ್ಯಾಪ್ತಿಯಲ್ಲಿ 70, ಉಳಿದ ರಸ್ತೆಗಳಲ್ಲಿಯೂ 70 ಗರಿಷ್ಠ ಮಿತಿ. ಒಂಬತ್ತು ಅಥವಾ ಅದಕ್ಕೂ ಹೆಚ್ಚು ಜನ ಕೂರುವ ಟೆಂಪೊ ಟ್ರಾವೆಲರ್ ಮತ್ತು ಬಸ್ಸುಗಳಿಗೆ ಈ ಸಂಖ್ಯೆಗಳು 90, 60, 60. ಸರಕು ಸಾಗಿಸುವ ವಾಹನಗಳಿಗೆ 80, 60, 60. ಮೋಟಾರ್ ಸೈಕಲ್ಲಿಗೂ ಹಾಗೆಯೇ 80, 60, 60. ಆಟೊರಿಕ್ಷಾಕ್ಕೆ ಎಲ್ಲ ಕಡೆಯೂ 50. ಕುಟುಂಬದ ಮದುವೆಗೆಂದು ಬಾಡಿಗೆಗೆ ಹಿಡಿದ ಟ್ರಾವೆಲರ್‌ನ ಚಾಲಕನಿಗೆ ಹಿಂದೆ ಕುಳಿತ ಹಿರಿಯರು “ಆ ಕಾರು ನೋಡು, ನಮ್ಮನ್ನ ದಾಟಿ ಹೋತು” ಎಂದು ಹುರಿದುಂಬಿಸುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಆ ಕಾರಿಗೂ ಈ ಗಾಡಿಗೂ ಕಾನೂನಿನಲ್ಲಿ ಮಿತಿಯೇ ಬೇರೆ ಎಂದು ಅಂಥ ಹೊತ್ತಿನಲ್ಲಿ ಯಾರಾದರೂ ಒಬ್ಬರು ಹೇಳಬೇಕು.

ಇವು ಮೇಲಿನ ಮಿತಿಗಳು. ಸ್ಥಳೀಯ ಕಾರಣಕ್ಕಾಗಿ ಇದಕ್ಕಿಂತ ಕಡಿಮೆ ಮಿತಿಯನ್ನು ಫಲಕ ಹಾಕಿ ಗೊತ್ತುಪಡಿಸಲು ಸರ್ಕಾರಕ್ಕೆ ಅಧಿಕಾರವಿದೆ. ಶಾಲೆ, ಆಸ್ಪತ್ರೆ, ಸೇತುವೆ, ತಿರುವು, ಕಾಮಗಾರಿ ನಡೆಯುತ್ತಿರುವ ಜಾಗಗಳಲ್ಲಿ ಕೆಂಪು ವೃತ್ತದೊಳಗೆ ಕಪ್ಪು ಅಂಕಿಯಲ್ಲಿ 30 ಅಥವಾ 40 ಎಂದು ಬರೆದ ಫಲಕ ಕಂಡರೆ ಆ ಜಾಗಕ್ಕೆ ಅದೇ ಕಾನೂನು. ಕೇಂದ್ರದ 70 ಅಲ್ಲಿ ನಡೆಯುವುದಿಲ್ಲ.

ನೀವು ದಿನವೂ ಓಡಾಡುವ ರಸ್ತೆಯಲ್ಲಿ ಒಂದು ಭಾನುವಾರ ಬೆಳಿಗ್ಗೆ, ಜನಸಂದಣಿ ಇಲ್ಲದಾಗ, ಫಲಕಗಳನ್ನು ಓದುವುದಕ್ಕಾಗಿಯೇ ಹೋಗಿ ಬನ್ನಿ. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರೆ ಅಂಕಿಗಳನ್ನು ಅವರಿಗೇ ಓದಲು ಹೇಳಿ. ಗಿಡದ ಟೊಂಗೆಯ ಹಿಂದೆ ಅಡಗಿದ, ಶುಭಾಶಯದ ಬ್ಯಾನರಿನ ಮರೆಗೆ ಹೋದ ಫಲಕಗಳು ಆಗ ಕಣ್ಣಿಗೆ ಬೀಳುತ್ತವೆ.

ಎರಡನೆಯ ಹೆಜ್ಜೆ: ವೇಗ ಏರಿಬಿಡುವ ಜಾಗಗಳನ್ನು ಗುರುತಿಸಿಕೊಳ್ಳಿ

ಯಾರೂ ಬೇಕೆಂದೇ ಸದಾ ಮಿತಿ ಮೀರುವುದಿಲ್ಲ. ರಸ್ತೆಯೇ ನಮ್ಮಿಂದ ಮಿತಿ ಮೀರಿಸುವ ಕೆಲವು ಜಾಗಗಳಿರುತ್ತವೆ. ಹುಬ್ಬಳ್ಳಿ–ಧಾರವಾಡದ ನಡುವಿನ ಪಿ.ಬಿ. ರಸ್ತೆಯನ್ನೇ ತೆಗೆದುಕೊಳ್ಳಿ. ಚೆನ್ನಮ್ಮ ವೃತ್ತ, ಹೊಸೂರು, ವಿದ್ಯಾನಗರಗಳ ದಟ್ಟಣೆಯಲ್ಲಿ ಅರ್ಧ ಗಂಟೆ ತೆವಳಿ ಬಂದವರು ಉಣಕಲ್ ದಾಟಿ ನವನಗರ, ರಾಯಾಪುರದ ಕಡೆಗೆ ರಸ್ತೆ ತೆರೆದುಕೊಳ್ಳುತ್ತಿದ್ದಂತೆ ಕಳೆದ ಹೊತ್ತನ್ನೆಲ್ಲ ಅಲ್ಲಿಯೇ ಗಳಿಸಲು ನೋಡುತ್ತಾರೆ. ಆದರೆ ಅದು ಇನ್ನೂ ಮಹಾನಗರ ಪಾಲಿಕೆಯ ವ್ಯಾಪ್ತಿ. ಅಗಲವಾದ ರಸ್ತೆ ಕಂಡಿತೆಂದು ಹೆದ್ದಾರಿಯ ಮಿತಿ ಅನ್ವಯಿಸುವುದಿಲ್ಲ. ಮಧ್ಯದ ಬಿಆರ್‌ಟಿಎಸ್ ಪಥ ಚಿಗರಿ ಬಸ್ಸುಗಳಿಗೆ ಮೀಸಲು. ಖಾಲಿ ಕಂಡಿತೆಂದು ಅದರೊಳಗೆ ಗಾಡಿ ನುಗ್ಗಿಸುವುದು ಬೇರೆಯೇ ಉಲ್ಲಂಘನೆಯಾಗುತ್ತದೆ, ಜೊತೆಗೆ ನಿಲ್ದಾಣದಿಂದ ರಸ್ತೆ ದಾಟುವವರ ಪ್ರಾಣಕ್ಕೆ ಕುತ್ತು.

ಎರಡನೆಯದು ಗಬ್ಬೂರಿನಿಂದ ನರೇಂದ್ರದ ಕಡೆಗಿನ ಬೈಪಾಸ್. 2021ರ ಜನವರಿ 15ರ ಬೆಳಿಗ್ಗೆ ಇಟಿಗಟ್ಟಿಯ ಹತ್ತಿರ ಟಿಪ್ಪರ್ ಮತ್ತು ಟೆಂಪೊ ಟ್ರಾವೆಲರ್ ಮುಖಾಮುಖಿಯಾಗಿ, ಗೋವಾಕ್ಕೆ ಹೊರಟಿದ್ದ ದಾವಣಗೆರೆಯ ಗೆಳತಿಯರ ಗುಂಪಿನಲ್ಲಿ ಹತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡದ್ದನ್ನು ಈ ಭಾಗದವರು ಮರೆತಿಲ್ಲ. ರಸ್ತೆ ಅಗಲಗೊಳಿಸುವ ಕೆಲಸ ನಡೆಯುವಲ್ಲೆಲ್ಲ ಪಥ ಬದಲಾಗುತ್ತದೆ, ಮಿತಿಯೂ ಬದಲಾಗುತ್ತದೆ. ಕಳೆದ ತಿಂಗಳ ನೆನಪಿನ ಮೇಲೆ ಅಲ್ಲಿ ಗಾಡಿ ಓಡಿಸಬಾರದು.

ಮೂರನೆಯದು ಹಾವೇರಿ ಜಿಲ್ಲೆಯ ನೇರ ಹೆದ್ದಾರಿ. ಬಂಕಾಪುರ, ಹಾವೇರಿ, ಮೋಟೆಬೆನ್ನೂರುಗಳ ಉದ್ದಕ್ಕೂ ರಸ್ತೆ ಎಷ್ಟು ಸಮನಾಗಿದೆಯೆಂದರೆ 80 ಮತ್ತು 110ರ ನಡುವಿನ ವ್ಯತ್ಯಾಸ ಕಾರಿನೊಳಗೆ ಕುಳಿತವರಿಗೆ ತಿಳಿಯುವುದೇ ಇಲ್ಲ. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಹತ್ತಿರ, ದೇವರ ದರ್ಶನ ಮುಗಿಸಿ ಊರಿಗೆ ಮರಳುತ್ತಿದ್ದವರ ಟೆಂಪೊ ಟ್ರಾವೆಲರ್ ನಿಂತಿದ್ದ ಲಾರಿಗೆ ಗುದ್ದಿ 13 ಜನ ತೀರಿಕೊಂಡರು. ನಿಂತ ಲಾರಿಯನ್ನು ಕತ್ತಲಲ್ಲಿ ಕಂಡು, ಬ್ರೇಕ್ ಒತ್ತಿ, ಗಾಡಿ ನಿಲ್ಲಲು ಎಷ್ಟು ಜಾಗ ಬೇಕು ಎಂಬುದನ್ನು ಒಮ್ಮೆ ಲೆಕ್ಕ ಹಾಕಿ ನೋಡಿ. ಗಂಟೆಗೆ 60ರಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. 80ರಲ್ಲಿ 22, 100ರಲ್ಲಿ 28 ಮೀಟರ್. ಕಂಡದ್ದನ್ನು ಅರಿತು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಹಿಡಿಯಿತೆಂದರೆ, ಒಣಗಿದ ಡಾಂಬರಿನ ಮೇಲೆ ಒಳ್ಳೆಯ ಟೈರಿರುವ ಕಾರು 60ರಿಂದ ನಿಲ್ಲಲು ಸುಮಾರು 45 ಮೀಟರ್, 80ರಿಂದ ಸುಮಾರು 70, 100ರಿಂದ ಸುಮಾರು 97 ಮೀಟರ್ ಬೇಕು. ಡಿಮ್ ಮಾಡಿದ ಹೆಡ್‌ಲೈಟಿನ ಬೆಳಕು ಅಷ್ಟು ದೂರ ಹೋಗುವುದಿಲ್ಲ.

ಗದಗ ಮತ್ತು ನವಲಗುಂದದ ರಸ್ತೆಗಳ ಕಷ್ಟವೇ ಬೇರೆ. ಮಳೆಗಾಲದಲ್ಲಿ ಎರಿ ಹೊಲದಿಂದ ಮೇಲೆ ಬರುವ ಟ್ರ್ಯಾಕ್ಟರಿನ ಗಾಲಿಗೆ ಅಂಗೈ ದಪ್ಪದ ಕರಿ ಮಣ್ಣು ಹತ್ತಿಕೊಂಡಿರುತ್ತದೆ. ಅದು ಡಾಂಬರಿನ ಮೇಲೆ ಹೆಂಟೆ ಹೆಂಟೆಯಾಗಿ ಬೀಳುತ್ತದೆ, ಮೇಲೆ ನಾಲ್ಕು ಹನಿ ಬಿದ್ದರೆ ಸಾಬೂನಿನಂತೆ ಜಾರುತ್ತದೆ. ಬೈಕಿನ ಮುಂಗಾಲಿ ಅದರ ಮೇಲೆ ಹತ್ತಿದ ಕ್ಷಣ ಬ್ರೇಕ್ ಹಿಡಿದವನು ಬಿದ್ದನೆಂದೇ ಲೆಕ್ಕ. ಅಣ್ಣಿಗೇರಿಯ ಆಚೆಗೆ ಮಳೆಯಲ್ಲಿ ನಾನು ಬೈಕನ್ನು 40ಕ್ಕೆ ಇಳಿಸುತ್ತೇನೆ, ಫಲಕ ಏನೇ ಹೇಳಲಿ.

ಮೂರನೆಯ ಹೆಜ್ಜೆ: ಕಾಲನ್ನು ಹತೋಟಿಯಲ್ಲಿಡುವ ಅಭ್ಯಾಸ

ಹೊಸ ಕಾರುಗಳಲ್ಲಿ 80 ದಾಟಿದಾಗ ಒಂದೊಂದಾಗಿ, 120 ದಾಟಿದಾಗ ನಿರಂತರವಾಗಿ ಎಚ್ಚರಿಕೆಯ ಸದ್ದು ಬರುತ್ತದೆ. ಅದನ್ನು ಬಂದ್ ಮಾಡಿಸಲು ಮೆಕ್ಯಾನಿಕ್ ಹುಡುಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ವೇಗವನ್ನು ತಾನಾಗಿಯೇ ಒಂದೇ ಸಮ ಇಡುವ ಕ್ರೂಸ್ ಕಂಟ್ರೋಲ್ ಇರುವ ಕಾರಾದರೆ ದಟ್ಟಣೆ ಇಲ್ಲದ ಹೆದ್ದಾರಿಯಲ್ಲಿ ಮಿತಿಗಿಂತ ಐದು ಕಡಿಮೆಗೆ ಅದನ್ನು ಹೊಂದಿಸಿ, ಕಣ್ಣನ್ನು ರಸ್ತೆಯ ಮೇಲಿಡಿ. ಅದಿಲ್ಲದಿದ್ದರೆ ಟಾಪ್ ಗೇರಿನ ಬದಲು ಒಂದು ಗೇರ್ ಕೆಳಗೆ ಓಡಿಸಿದರೂ ಎಂಜಿನ್ನಿನ ಸದ್ದೇ ವೇಗವನ್ನು ಹೇಳಿಕೊಡುತ್ತದೆ.

ಟೈರ್ ಬದಲಿಸುವಾಗ ಕಂಪನಿ ಕೊಟ್ಟ ಅಳತೆಗಿಂತ ದೊಡ್ಡದನ್ನು ಹಾಕಿಸಿದರೆ ಸ್ಪೀಡೊಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಬಹುದು. ಮೀಟರಿನಲ್ಲಿ 78 ನೋಡಿಕೊಂಡು ಹೋಗುತ್ತಿದ್ದವರಿಗೆ 83ರ ದಂಡ ಬಿದ್ದರೆ, ಟೈರಿನ ಕಾರಣ ಹೇಳಿ ಬಿಡಿಸಿಕೊಳ್ಳಲು ಬರುವುದಿಲ್ಲ. ಮೊಬೈಲಿನ ನಕಾಶೆ ತೋರಿಸುವ ಜಿಪಿಎಸ್ ವೇಗದೊಂದಿಗೆ ಒಮ್ಮೆ ಹೋಲಿಸಿ ನೋಡಿಕೊಳ್ಳಿ; ಆದರೆ ನೋಡುವ ಕೆಲಸ ಪಕ್ಕದಲ್ಲಿ ಕುಳಿತವರದಾಗಿರಲಿ.

ಬಾಡಿಗೆ ಗಾಡಿ ಓಡಿಸುವವರಿಗೆ ಒಂದು ಮಾತು ವಿಶೇಷವಾಗಿ ಹೇಳಬೇಕು. ಕಾಯ್ದೆಯ 183ನೆಯ ಕಲಂ ವೇಗ ಮೀರಿದ ಚಾಲಕನನ್ನಷ್ಟೇ ಹಿಡಿಯುವುದಿಲ್ಲ. ಮೀರುವಂತೆ ಮಾಡಿಸಿದ ಮಾಲೀಕನಿಗೂ ದಂಡವಿದೆ. ಮಿತಿಯೊಳಗೆ ಮುಗಿಸಲಾಗದಂಥ ಅವಧಿಯಲ್ಲಿ ಪ್ರಯಾಣ ಮುಗಿಸಬೇಕೆಂದು ಮಾಲೀಕ ಕೊಟ್ಟ ವೇಳಾಪಟ್ಟಿಯೋ ಸೂಚನೆಯೋ ಆತನ ವಿರುದ್ಧ ಮೇಲ್ನೋಟದ ಸಾಕ್ಷ್ಯವಾಗುತ್ತದೆ. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಹೇರಿಕೊಂಡು ಹೊರಟ ಚಾಲಕನಿಗೆ ಇಷ್ಟು ಗಂಟೆಯೊಳಗೆ ಮುಟ್ಟಲೇಬೇಕು ಎಂಬ ಸಂದೇಶ ಬಂದರೆ ಅದನ್ನು ಅಳಿಸದೆ ಇಟ್ಟುಕೊಳ್ಳಲಿ.

ನಾಲ್ಕನೆಯ ಹೆಜ್ಜೆ: ವೇಗವನ್ನು ಹೇಗೆ ಅಳೆಯುತ್ತಾರೆ ಎಂಬುದು ಗೊತ್ತಿರಲಿ

ರಡಾರ್ ಗನ್ ರೇಡಿಯೊ ಅಲೆಗಳನ್ನು ಕಳಿಸಿ, ಚಲಿಸುವ ವಾಹನಕ್ಕೆ ಬಡಿದು ಮರಳುವ ಅಲೆಯ ಆವರ್ತನ ಎಷ್ಟು ಬದಲಾಗಿದೆ ಎಂಬುದರಿಂದ ವೇಗ ಕಂಡುಹಿಡಿಯುತ್ತದೆ. ಲೇಸರ್ ಗನ್ ಬೆಳಕಿನ ಮಿಡಿತಗಳನ್ನು ಒಂದರ ಹಿಂದೊಂದು ಕಳಿಸಿ ವಾಹನದ ದೂರ ಕ್ಷಣಕ್ಷಣಕ್ಕೂ ಎಷ್ಟು ಕಡಿಮೆಯಾಯಿತು ಎಂದು ಅಳೆಯುತ್ತದೆ. ಲೇಸರಿನ ಕಿರಣ ಕಿರಿದಾದ್ದರಿಂದ ಗುಂಪಿನ ನಡುವಿನ ಒಂದೇ ವಾಹನವನ್ನು ಆರಿಸಿಕೊಳ್ಳಬಲ್ಲದು, ನೂರಾರು ಮೀಟರ್ ದೂರದಿಂದಲೇ. ಅಂದರೆ ಪೊಲೀಸ್ ಜೀಪು ನಿಮ್ಮ ಕಣ್ಣಿಗೆ ಬಿದ್ದು ನೀವು ಬ್ರೇಕ್ ಒತ್ತುವ ಹೊತ್ತಿಗೆ ಅಳತೆ ಮುಗಿದಿರುತ್ತದೆ. ಎರಡು ಕಡೆ ಕ್ಯಾಮೆರಾ ಇಟ್ಟು, ಅವುಗಳ ನಡುವಿನ ದೂರವನ್ನು ನೀವು ತೆಗೆದುಕೊಂಡ ಸಮಯದಿಂದ ಭಾಗಿಸಿ ಸರಾಸರಿ ವೇಗ ತೆಗೆಯುವ ವ್ಯವಸ್ಥೆಯೂ ಇದೆ. ಕ್ಯಾಮೆರಾದ ಮುಂದಷ್ಟೇ ನಿಧಾನಿಸುವ ಜಾಣ್ಮೆ ಅಲ್ಲಿ ಕೆಲಸಕ್ಕೆ ಬಾರದು.

ಕಣ್ಣಂದಾಜಿನ ಮೇಲೆ ಮಾತ್ರ ಶಿಕ್ಷೆ ಕೊಡಲಾಗದು ಎಂಬ ರಕ್ಷಣೆ ಅದೇ 183ನೆಯ ಕಲಮಿನಲ್ಲಿದೆ. ಯಂತ್ರ ಅಥವಾ ಎಲೆಕ್ಟ್ರಾನಿಕ್ ಸಾಧನದ ಅಳತೆ ಇಲ್ಲದೆ, ‘ಇವನು ಜೋರಾಗಿ ಬಂದನೆಂದು ನನಗನ್ನಿಸಿತು’ ಎಂಬ ಒಬ್ಬನೇ ಸಾಕ್ಷಿಯ ಅಭಿಪ್ರಾಯದಿಂದ ವೇಗದ ಅಪರಾಧ ಸಾಬೀತಾಗುವುದಿಲ್ಲ. 2021ರ ಆಗಸ್ಟ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿಸಿದ 167ಎ ನಿಯಮ ಕ್ಯಾಮೆರಾಗಳಿಗೂ ಶರತ್ತು ಹಾಕಿತು. ಸಾಧನಕ್ಕೆ ಅನುಮೋದನೆಯ ಪ್ರಮಾಣಪತ್ರ ಇರಬೇಕು, ಅದು ವರ್ಷವರ್ಷವೂ ನವೀಕರಣವಾಗಬೇಕು. ಕ್ಯಾಮೆರಾ ಇರುವಲ್ಲಿ ಎಚ್ಚರಿಕೆಯ ಫಲಕ ಇರಬೇಕು. ಉಲ್ಲಂಘನೆಯ ನೋಟಿಸ್ 15 ದಿನಗಳೊಳಗೆ ಕಳಿಸಬೇಕು. ಅದರಲ್ಲಿ ನಂಬರ್ ಪ್ಲೇಟ್ ಕಾಣುವ ಚಿತ್ರ, ಅಳತೆ, ದಿನಾಂಕ, ಸಮಯ, ಸ್ಥಳ ಇರಬೇಕು. ಈ ನಿಯಮದಡಿ ಪಟ್ಟಿ ಮಾಡಿದ ನಗರಗಳಲ್ಲಿ ಹುಬ್ಬಳ್ಳಿ–ಧಾರವಾಡವೂ ಒಂದು.

ಐದನೆಯ ಹೆಜ್ಜೆ: ಪೊಲೀಸರು ಕೈ ಮಾಡಿದಾಗ

ಸಂಚಾರ ನಿಯಂತ್ರಣದಲ್ಲಿರುವ ಪೊಲೀಸರ ಸೂಚನೆ ಪಾಲಿಸುವುದು 119ನೆಯ ಕಲಮಿನ ಪ್ರಕಾರ ಚಾಲಕನ ಕರ್ತವ್ಯ. ನಿಲ್ಲಿಸದೆ ಹೋದರೆ ಒಂದು ಸಾವಿರ ರೂಪಾಯಿ ದಂಡದ ಪ್ರಕರಣ ದೊಡ್ಡದಾಗುತ್ತದೆ. ಆದರೆ ನಿಲ್ಲಿಸುವ ರೀತಿ ಮುಖ್ಯ. ಕೈ ಕಂಡ ಕೂಡಲೇ ಗಕ್ಕನೆ ಬ್ರೇಕ್ ಹಾಕಬೇಡಿ. ಕನ್ನಡಿ ನೋಡಿ, ಎಡಕ್ಕೆ ಇಂಡಿಕೇಟರ್ ಹಾಕಿ, ಹಿಂದೆ ಬರುವ ಲಾರಿಗೆ ನಿಮ್ಮ ಉದ್ದೇಶ ತಿಳಿಯುವಷ್ಟು ಹೊತ್ತು ಕೊಟ್ಟು, ಬಿಳಿ ಗೆರೆಯ ಹೊರಗೆ ಗಾಡಿ ತನ್ನಿ. ನಿಲ್ಲಿಸಿದವರನ್ನು ಹತ್ತಿಪ್ಪತ್ತು ಮೀಟರ್ ದಾಟಿ ನಿಂತರೂ ಚಿಂತೆಯಿಲ್ಲ, ಇಂಡಿಕೇಟರ್ ಹಾಕಿದವನು ಓಡಿಹೋಗುತ್ತಿಲ್ಲ ಎಂಬುದು ಅವರಿಗೂ ತಿಳಿಯುತ್ತದೆ.

ಗಾಡಿ ನಿಂತ ಮೇಲೆ ಎಂಜಿನ್ ಬಂದ್ ಮಾಡಿ. ರಾತ್ರಿಯಾಗಿದ್ದರೆ ಕಾರಿನ ಒಳಗಿನ ದೀಪ ಹಾಕಿ, ಗಾಜು ಇಳಿಸಿ, ಎರಡೂ ಕೈ ಸ್ಟೀರಿಂಗಿನ ಮೇಲಿರಲಿ. ಬೈಕಿನವರು ಹೆಲ್ಮೆಟ್ಟಿನ ಗಾಜು ಮೇಲೆತ್ತಿ ಮುಖ ಕಾಣಿಸಲಿ. ಮಾತಿನ ಮೊದಲ ಅರ್ಧ ನಿಮಿಷ ಉಳಿದ ಹತ್ತು ನಿಮಿಷ ಹೇಗಿರಬೇಕೆಂದು ನಿರ್ಧರಿಸುತ್ತದೆ ಎಂಬುದು ನನ್ನ ಅನುಭವ. ಒಮ್ಮೆ ಅಳಿಯನ ಕಾರಿನಲ್ಲಿ ಹೋಗುವಾಗ ನಡೆದ ಮಾತು ಹೀಗಿತ್ತು:

“ಗಾಡಿ ಇನ್ನಷ್ಟು ಸೈಡಿಗೆ ತಗೋರಿ. ಲೈಸೆನ್ಸ್ ಐತೇನ್ರಿ?”

“ಐತ್ರಿ ಸರ್, ಮೊಬೈಲಿನ್ಯಾಗ ಐತಿ, ತೆಗೀತೀನಿ. ಏನ್ ತಪ್ಪಾಗೇತ್ರಿ?”

“ಅರವತ್ತರ ಬೋರ್ಡ್ ಐತ್ರಿ ಇಲ್ಲೆ, ನೀವು ಎಂಬತ್ತೊಂದು ಬಂದೀರಿ.”

“ಮಿಷಿನ್ನಿನ್ಯಾಗ ಒಂದ್ಸಲ ತೋರಸ್ತೀರೇನ್ರಿ ಸರ್?”

ಅಧಿಕಾರಿ ಬೇಸರವಿಲ್ಲದೆ ಪರದೆ ತಿರುಗಿಸಿದರು. ನಮ್ಮ ಕಾರಿನ ಮೂತಿಯ ಚಿತ್ರ, ಅದರ ಮೇಲೆ ಗುರಿಯ ಗೆರೆ, ಮೂಲೆಯಲ್ಲಿ ವೇಗ, ದೂರ, ಸಮಯ. ನೋಡಬೇಕಾದದ್ದು ಮೂರೇ: ನಂಬರ್ ನಮ್ಮದೇ ಹೌದೋ, ಸಮಯ ಈಗಿನದೋ, ಆ ಜಾಗದ ಮಿತಿ ಅವರು ಹೇಳಿದಷ್ಟೇ ಇದೆಯೋ. ಮೂರೂ ಸರಿಯಿದ್ದವು. ಅಳಿಯ ದಂಡ ಕಟ್ಟಿ ರಸೀದಿ ಪಡೆದ. ಐದು ನಿಮಿಷದಲ್ಲಿ ನಾವು ಮತ್ತೆ ದಾರಿ ಹಿಡಿದೆವು.

ಇದರ ಬದಲು ‘ನಾನು ಯಾರ ಪೈಕಿ ಗೊತ್ತೇನು’ ಎಂದು ಶುರು ಮಾಡುವುದು, ಶಾಸಕರ ಹೆಸರು ಎತ್ತುವುದು, ಯಾರಿಗೋ ಫೋನ್ ಹಚ್ಚಿ ಅಧಿಕಾರಿಯ ಕೈಗೆ ಕೊಡಲು ನೋಡುವುದು ಬೇಡವೇ ಬೇಡ. ಬಿಸಿಲಲ್ಲಿ ನಿಂತು ಕೆಲಸ ಮಾಡುವವರನ್ನು ಏಕವಚನದಲ್ಲಿ ಕರೆಯುವುದು ಇನ್ನೂ ಕೆಟ್ಟದ್ದು. ಅವರು ನಿಮ್ಮನ್ನು ಏಕವಚನದಲ್ಲಿ ಮಾತಾಡಿಸಿದರೂ ನೀವು ಬಹುವಚನ ಬಿಡಬೇಡಿ.

ಕಾಗದಪತ್ರಗಳ ವಿಷಯ. ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಕೇಳಿದಾಗ ಲೈಸೆನ್ಸ್ ತೋರಿಸಬೇಕೆಂದು 130ನೆಯ ಕಲಂ ಹೇಳುತ್ತದೆ. ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಆ್ಯಪಿನಲ್ಲಿರುವ ಲೈಸೆನ್ಸ್ ಮತ್ತು ಆರ್‌ಸಿಗೆ ಮೂಲ ಕಾರ್ಡಿನಷ್ಟೇ ಬೆಲೆಯಿದೆ. ಗ್ಯಾಲರಿಯಲ್ಲಿಟ್ಟ ಫೋಟೊಗೆ ಇಲ್ಲ. ಕೈಯಲ್ಲಿ ದಾಖಲೆಯೇ ಇರದಿದ್ದರೆ 15 ದಿನಗಳೊಳಗೆ ಹಾಜರುಪಡಿಸಲು 139ನೆಯ ನಿಯಮದಲ್ಲಿ ಅವಕಾಶವಿದೆ. ಅದನ್ನು ವಿನಯದಿಂದ ಕೇಳಿ. ವಿಮೆ ಮತ್ತು ಎಮಿಷನ್ ಸರ್ಟಿಫಿಕೇಟಿನ ಅವಧಿ ಮುಗಿದಿದೆಯೋ ಎಂದು ತಿಂಗಳಿಗೊಮ್ಮೆ ನೋಡಿಕೊಂಡರೆ ವೇಗಕ್ಕೆಂದು ನಿಲ್ಲಿಸಿದಲ್ಲಿ ಮೂರು ಪ್ರಕರಣ ಬೀಳುವುದು ತಪ್ಪುತ್ತದೆ.

ನಿಮ್ಮ ಕಡೆಗೂ ಹಕ್ಕುಗಳಿವೆ. 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ಸಂಚಾರ ತಪಾಸಣೆಯ ವೇಳೆ ಬೈಕಿನಿಂದ ಬಿದ್ದು ಪುಟ್ಟ ಮಗುವೊಂದು ಪ್ರಾಣ ಬಿಟ್ಟ ಬಳಿಕ ರಾಜ್ಯದ ಪೊಲೀಸ್ ಮಹಾನಿರ್ದೇಶಕರು ಹೊರಡಿಸಿದ ಸುತ್ತೋಲೆ, ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದಿದ್ದರೆ ಕೇವಲ ದಾಖಲೆ ನೋಡಲು ವಾಹನ ನಿಲ್ಲಿಸಬಾರದು, ಹಠಾತ್ತಾಗಿ ಅಡ್ಡ ಬಂದು ನಿಲ್ಲಿಸಬಾರದು, ಕೀಲಿ ಕಿತ್ತುಕೊಳ್ಳಬಾರದು ಎಂದು ಹೇಳಿತು. ಲೈಸೆನ್ಸ್ ವಶಕ್ಕೆ ಪಡೆದರೆ 206ನೆಯ ಕಲಮಿನ ಪ್ರಕಾರ ತಾತ್ಕಾಲಿಕ ಸ್ವೀಕೃತಿ ಕೊಡಲೇಬೇಕು; ಅದರ ಮೇಲೆ ನೀವು ಗಾಡಿ ಓಡಿಸಬಹುದು. ವಾಹನವನ್ನೇ ಜಪ್ತಿ ಮಾಡುವ 207ನೆಯ ಕಲಂ ಲೈಸೆನ್ಸ್, ನೋಂದಣಿ, ಪರ್ಮಿಟ್ ಇಲ್ಲದಂಥ ಪ್ರಕರಣಗಳಿಗೆ. ಬರೀ ವೇಗ ಮೀರಿದ್ದು ಅದರಲ್ಲಿ ಬರುವುದಿಲ್ಲ. ಇವನ್ನು ತಿಳಿದಿರಿ, ಆದರೆ ರಸ್ತೆಯ ಬದಿಯಲ್ಲಿ ನಿಂತು ಕಲಂ ಸಂಖ್ಯೆ ಹೇಳುತ್ತ ವಾದಿಸಬೇಡಿ. ಅನ್ಯಾಯವಾಯಿತು ಎನಿಸಿದರೆ ಎದೆಯ ಪಟ್ಟಿಯಲ್ಲಿರುವ ಹೆಸರು, ಜಾಗ, ಸಮಯ ಬರೆದುಕೊಂಡು ಮರುದಿನ ಪೊಲೀಸ್ ಆಯುಕ್ತರ ಕಚೇರಿಗೆ, ಗದಗ ಅಥವಾ ಹಾವೇರಿಯಲ್ಲಾದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಲಿಖಿತ ದೂರು ಕೊಡಿ.

ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ‘ಅರ್ಧ ಕೊಟ್ಟು ಹೋಗಿಬಿಡಿ’ ಎಂಬ ಮಾತು ಬಂದಾಗ ಪೂರ್ತಿ ದಂಡದ ರಸೀದಿಯನ್ನೇ ಕೇಳಿ, ಹಣ ಇಲ್ಲದಿದ್ದರೆ ನೋಟಿಸ್ ಕೊಡಲು ಹೇಳಿ. 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಭ್ರಷ್ಟಾಚಾರ ತಡೆ ಕಾಯ್ದೆಯಡಿ ಅಪರಾಧ. ಒತ್ತಾಯಕ್ಕೆ ಸಿಕ್ಕಿ ಕೊಟ್ಟವರಿಗೆ ಏಳು ದಿನಗಳೊಳಗೆ ದೂರು ಕೊಟ್ಟರೆ ರಕ್ಷಣೆಯಿದೆ. ನಮ್ಮಲ್ಲಿ ಅದಕ್ಕೆ ಲೋಕಾಯುಕ್ತ ಪೊಲೀಸರಿದ್ದಾರೆ.

ಕುಡಿದು ಓಡಿಸುವವರ ತಪಾಸಣೆಯ ಬಗ್ಗೆ ಒಂದೇ ಸಾಲು: 100 ಮಿಲಿಲೀಟರ್ ರಕ್ತದಲ್ಲಿ ಮದ್ಯಸಾರ 30 ಮಿಲಿಗ್ರಾಂ ಮೀರಿದರೆ ಅಪರಾಧ, ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ, ಮತ್ತು ಇದು ನ್ಯಾಯಾಲಯದಲ್ಲೇ ತೀರ್ಮಾನವಾಗುವ ವಿಷಯ.

ಆರನೆಯ ಹೆಜ್ಜೆ: ದಂಡ ಕಟ್ಟುವುದು ಅಥವಾ ಪ್ರಶ್ನಿಸುವುದು

2019ರ ತಿದ್ದುಪಡಿಯ ಪ್ರಕಾರ ವೇಗ ಮೀರಿದ ಲಘು ವಾಹನಕ್ಕೆ 1,000ದಿಂದ 2,000 ರೂಪಾಯಿ, ಮಧ್ಯಮ ಮತ್ತು ಭಾರಿ ವಾಹನಕ್ಕೆ 2,000ದಿಂದ 4,000 ರೂಪಾಯಿ ದಂಡವಿದೆ. ಎರಡನೆಯ ಸಲ ಸಿಕ್ಕಿಬಿದ್ದರೆ ಲೈಸೆನ್ಸಿಗೇ ಸಂಚಕಾರ. 2024ರ ಆಗಸ್ಟ್ 1ರಿಂದ ರಾಜ್ಯದಲ್ಲಿ 130 ದಾಟಿದವರ ಮೇಲೆ ನಿರ್ಲಕ್ಷ್ಯದ ಚಾಲನೆಗಾಗಿ ಎಫ್‌ಐಆರ್ ದಾಖಲಿಸುವ ಕ್ರಮವನ್ನು ಪೊಲೀಸ್ ಇಲಾಖೆ ಪ್ರಕಟಿಸಿತು. ಪಾಸ್‌ಪೋರ್ಟ್, ಸರ್ಕಾರಿ ನೌಕರಿಯ ಕನಸಿರುವ ಯುವಕರು ಈ ಸಾಲನ್ನು ಎರಡು ಸಲ ಓದಲಿ.

ಕಟ್ಟುವುದಾದರೆ ಸಂಚಾರ ಪೊಲೀಸ್ ಠಾಣೆಯಲ್ಲಿ, ಕರ್ನಾಟಕ ಒನ್ ಕೇಂದ್ರದಲ್ಲಿ ಅಥವಾ ಪರಿವಾಹನ್‌ನ ಇ-ಚಲನ್ ತಾಣದಲ್ಲಿ ಕಟ್ಟಬಹುದು. ಹಣ ಕಟ್ಟುವ ಮೊದಲು ಚಿತ್ರವನ್ನು ಹಿಗ್ಗಿಸಿ ನೋಡಿ. ಕೆಎ 25 ಮತ್ತು ಕೆಎ 26ರ ನಡುವೆ, ಅಂಕಿಗಳಲ್ಲಿ 3 ಮತ್ತು 8ರ ನಡುವೆ ಕ್ಯಾಮೆರಾಕ್ಕೂ ಗೊಂದಲವಾಗಬಹುದು. ಚಿತ್ರದಲ್ಲಿರುವುದು ಬಿಳಿ ಕಾರು, ನಿಮ್ಮದು ಕೆಂಪು ಬೈಕು ಎಂದಾದರೆ ಆರ್‌ಸಿ, ಗಾಡಿಯ ಫೋಟೊ, ನೋಟಿಸಿನ ಪ್ರತಿ ಇಟ್ಟುಕೊಂಡು ತಾಣದ ದೂರು ವಿಭಾಗದಲ್ಲಿ ಅಥವಾ ಠಾಣೆಯಲ್ಲಿ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಅಲ್ಲಿಗೂ ಬಗೆಹರಿಯದಿದ್ದರೆ ನ್ಯಾಯಾಲಯವಿದೆ. ಒಂದು ಎಚ್ಚರ: ದಂಡ ಕಟ್ಟುವುದೆಂದರೆ 200ನೆಯ ಕಲಮಿನಡಿ ರಾಜಿಯಾದಂತೆ. ಪ್ರಕರಣ ಅಲ್ಲಿಗೆ ಮುಗಿಯುತ್ತದೆ, ಆಮೇಲೆ ತಕರಾರು ತೆಗೆಯಲು ದಾರಿ ಉಳಿಯುವುದಿಲ್ಲ. ಆದ್ದರಿಂದ ಪ್ರಶ್ನಿಸುವವರು ಕಟ್ಟುವ ಮೊದಲೇ, ನೋಟಿಸಿನಲ್ಲಿ ಬರೆದ ಗಡುವಿನೊಳಗೆ ಪ್ರಶ್ನಿಸಬೇಕು.

ರಿಯಾಯಿತಿಗಾಗಿ ಕಾಯುವ ರೂಢಿ ನಮ್ಮಲ್ಲಿ ಬೆಳೆದಿದೆ. 2023ರ ಫೆಬ್ರುವರಿಯಲ್ಲಿ ಮತ್ತು 2025ರ ಆಗಸ್ಟ್–ಸೆಪ್ಟೆಂಬರಿನಲ್ಲಿ ಸರ್ಕಾರ ಬಾಕಿ ದಂಡಕ್ಕೆ ಶೇಕಡ 50 ವಿನಾಯಿತಿ ಕೊಟ್ಟದ್ದು ನಿಜ. ಮುಂದಿನದು ಯಾವಾಗಲೋ ಎಂದು ಕುಳಿತವರ ಬಾಕಿ ಬೆಳೆದು ಗಾಡಿ ಮಾರುವಾಗ ಕಾಲಿಗೆ ತೊಡರುತ್ತದೆ ಎಂಬುದೂ ಅಷ್ಟೇ ನಿಜ.

ಇ-ಚಲನ್ ಹೆಸರಿನಲ್ಲಿ ವಾಟ್ಸ್‌ಆ್ಯಪಿಗೆ ಬರುವ ಎಪಿಕೆ ಕಡತವನ್ನು (ಮೊಬೈಲಿನಲ್ಲಿ ಆ್ಯಪ್ ಕೂರಿಸುವ ಕಡತ) ಎಂದಿಗೂ ತೆರೆಯಬೇಡಿ. ಸರ್ಕಾರಿ ತಾಣದ ವಿಳಾಸ ‘ಜಿಒವಿ ಡಾಟ್ ಇನ್’ ಎಂದು ಮುಗಿಯುತ್ತದೆ. ಕೊಂಡಿ ಒತ್ತುವುದಕ್ಕಿಂತ ವಿಳಾಸವನ್ನು ಕೈಯಾರೆ ಬರೆದು ಹೋಗುವುದು ಕ್ಷೇಮ. ಮೋಸ ಹೋಗಿ ಖಾತೆಯಿಂದ ಹಣ ಹೋದರೆ ಆ ಗಳಿಗೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕೊನೆಯ ಹೆಜ್ಜೆ: ಗಾಡಿ ನಿಮ್ಮ ಹೆಸರಲ್ಲಿದ್ದು ಓಡಿಸಿದವರು ಬೇರೆಯಾದರೆ

ಕ್ಯಾಮೆರಾಕ್ಕೆ ಕಾಣುವುದು ನಂಬರ್ ಪ್ಲೇಟ್. ನೋಟಿಸ್ ಬರುವುದು ಮಾಲೀಕರಿಗೆ. ಗಾಡಿ ಓಡಿಸಿದವರು ಯಾರೆಂದು ಪೊಲೀಸರು ಕೇಳಿದಾಗ ತಿಳಿಸುವ ಹೊಣೆ 133ನೆಯ ಕಲಮಿನಡಿ ಮಾಲೀಕರದೇ. ಕಾಲೇಜಿಗೆ ಹೋಗುವ ಮಗನಿಗೆ 18 ತುಂಬದಿದ್ದರೆ ಸ್ಕೂಟರಿನ ಕೀಲಿಯನ್ನು ಪಕ್ಕದ ಅಂಗಡಿಗೆಂದೂ ಕೊಡಬೇಡಿ. 199ಎ ಕಲಮಿನಡಿ ತಂದೆತಾಯಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ.

ಹಳೆಯ ಬೈಕನ್ನು ಹಳ್ಳಿಯ ಪರಿಚಯಸ್ಥರಿಗೆ ಮಾತಿನ ಮೇಲೆ ಮಾರಿ, ಹೆಸರು ಬದಲಾಯಿಸದೆ ಬಿಡುವವರು ನಮ್ಮಲ್ಲಿ ಬಹಳ. ಎರಡು ವರ್ಷದ ಮೇಲೆ ಎಲ್ಲೋ ನಡೆದ ಉಲ್ಲಂಘನೆಯ ನೋಟಿಸ್ ನಿಮ್ಮ ಮನೆಗೆ ಬರುತ್ತದೆ, ಅಪಘಾತವಾದರೆ ಸಮನ್ಸೂ ಬರುತ್ತದೆ. ಮಾರಿದ 14 ದಿನಗಳೊಳಗೆ ಆರ್‌ಟಿಒ ಕಚೇರಿಗೆ ತಿಳಿಸುವುದು ಮಾರಿದವರ ಹೊಣೆ, 30 ದಿನಗಳೊಳಗೆ ತನ್ನ ಹೆಸರಿಗೆ ಮಾಡಿಸಿಕೊಳ್ಳುವುದು ಕೊಂಡವರ ಹೊಣೆ. ಹೆಸರು ವರ್ಗಾವಣೆಯ ನಮೂನೆ 29 ಮತ್ತು 30ಕ್ಕೆ ಸಹಿ ಹಾಕಿ ಕೊಟ್ಟುಬಿಟ್ಟೆ ಎಂದು ಸುಮ್ಮನಾಗದೆ, ಅವುಗಳ ಪ್ರತಿ, ಕೊಂಡವರ ಗುರುತಿನ ಚೀಟಿಯ ಪ್ರತಿ, ಗಾಡಿ ಒಪ್ಪಿಸಿದ ದಿನಾಂಕ ಮತ್ತು ಗಂಟೆ ಬರೆದ ಚೀಟಿಯನ್ನು ಪರಿವಾಹನ್ ತಾಣದಲ್ಲಿ ಹೊಸ ಹೆಸರು ಕಾಣಿಸುವ ದಿನದವರೆಗೂ ಜೋಪಾನವಾಗಿಡಿ. ಮನೆ ಅಥವಾ ಮೊಬೈಲ್ ನಂಬರ್ ಬದಲಾಗಿದ್ದರೆ ಆರ್‌ಸಿಯಲ್ಲಿಯೂ ಬದಲಾಯಿಸಿಕೊಳ್ಳಿ. ಹಳೆಯ ನಂಬರಿಗೆ ಹೋದ ನೋಟಿಸ್ ನಿಮಗೆ ತಲುಪದಿದ್ದರೂ ಗಡುವು ಮಾತ್ರ ಓಡುತ್ತಲೇ ಇರುತ್ತದೆ.